ಬಿಎ ಮಕ್ಕಳ ಇಂಟರ್ನ್‌ಶಿಪ್: ವಿಜಯಪುರದಲ್ಲಿ ಕೆಲಸ ಇದೆ, ಬೋರ್ಡ್ ಹಾಕಿಲ್ಲ ಅಷ್ಟೇ

ವಿಜಯಪುರದಲ್ಲಿ ಬಿಎ ಓದುವವರಿಗೆ ಇಂಟರ್ನ್‌ಶಿಪ್ ಸಿಗಲ್ಲ ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ಸಿಗುತ್ತದೆ. ಆದರೆ ಬೇರೆಯವರಿಗೆ ಸಿಗುವ ಹಾಗೆ ಸಿಗುವುದಿಲ್ಲ. ಎಂಜಿನಿಯರಿಂಗ್ ಹುಡುಗರಿಗೆ ಕಂಪನಿಗಳಿವೆ. ಬಿಕಾಂನವರು ಯಾವುದಾದರೂ ಆಡಿಟರ್ ಆಫೀಸಿನಲ್ಲಿ ಕೂತು ಟ್ಯಾಲಿ ಕಲಿಯುತ್ತಾರೆ. ಇತಿಹಾಸ, ಕನ್ನಡ, ಸಮಾಜಶಾಸ್ತ್ರ ಓದುವ ಮಕ್ಕಳಿಗೆ ಮಾತ್ರ ಯಾರ ಹತ್ತಿರ ಹೋಗಿ ಕೇಳಬೇಕು ಅನ್ನುವುದೇ ಗೊತ್ತಾಗುವುದಿಲ್ಲ.

ನಾನು ಇಲ್ಲಿನ ಒಂದು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ನನ್ನ ತರಗತಿಯಲ್ಲಿ ಜಾಸ್ತಿ ಜನ ಬಬಲೇಶ್ವರ, ತಿಕೋಟಾ, ಬಸವನ ಬಾಗೇವಾಡಿ ಕಡೆಯಿಂದ ಬೆಳಗ್ಗೆ ಬಸ್ ಹಿಡಿದು ಬರುವವರು. ಎಷ್ಟೋ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಇವರೇ ಮೊದಲು. ಐದನೇ ಸೆಮಿಸ್ಟರ್ ಬಂತೆಂದರೆ ಒಬ್ಬರಾದ ಮೇಲೆ ಒಬ್ಬರು ಬಂದು ನಿಲ್ಲುತ್ತಾರೆ. "ಮೇಡಂ, ನಾವು ಬಿಎ ಅದೀವ್ರಿ. ನಮಗ ಇಂಟರ್ನ್‌ಶಿಪ್ ಯಾರು ಕೊಡ್ತಾರ‍್ರಿ?" ಯಾರೂ ಕೊಡಲ್ಲ ಅಂತ ತಾವೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ಅದು ನನಗೆ ತುಂಬಾ ನೋವು ಕೊಡುವ ವಿಷಯ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹುಡುಕಾಟ ಸಾಮಾನ್ಯವಾಗಿ ಹೇಗೆ ನಡೆಯುತ್ತದೆ ನೋಡಿ. ಮಕ್ಕಳು ಫೋನಿನಲ್ಲಿ ಇಂಟರ್ನ್‌ಶಾಲಾ, ಲಿಂಕ್ಡ್‌ಇನ್ ತೆರೆಯುತ್ತಾರೆ. ಅಲ್ಲಿ ಆರ್ಟ್ಸ್‌ನವರಿಗೆ ಅಂತ ಕಾಣಿಸುವುದು ಕಂಟೆಂಟ್ ರೈಟಿಂಗ್, ಸೋಷಿಯಲ್ ಮೀಡಿಯಾ, ಮಾನವ ಸಂಪನ್ಮೂಲ ವಿಭಾಗದ ಕೆಲಸ. ಬಹುತೇಕ ಇಂಗ್ಲಿಷ್‌ನಲ್ಲೇ ಬರೆಯಬೇಕು. ಇಲ್ಲವೇ ಬೆಂಗಳೂರಿನ ಆಫೀಸಿಗೆ ಹೋಗಬೇಕು. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವ ಹೊತ್ತಿಗೆ ಬೆಂಗಳೂರು ಬರುತ್ತದೆ, ಅದು ಸರಿ. ಆದರೆ ಇಳಿದ ಮೇಲೆ ಎಲ್ಲಿರಬೇಕು? ಪಿಜಿ ಬಾಡಿಗೆ, ಅಡ್ವಾನ್ಸ್, ಊಟ, ಓಡಾಟ ಎಲ್ಲಾ ಸೇರಿಸಿದರೆ ಅವರು ಕೊಡುವ ಸ್ಟೈಪೆಂಡ್ ಅರ್ಧ ತಿಂಗಳಿಗೂ ಸಾಲುವುದಿಲ್ಲ. ತೊಗರಿ ರಾಶಿ ಮಾಡಿದ ದುಡ್ಡಲ್ಲಿ ಮಗಳ ಫೀಸು ಕಟ್ಟಿದ ಅಪ್ಪನ ಹತ್ತಿರ ಇದನ್ನೂ ಕೇಳುವುದು ಹೇಗೆ?

ಇನ್ನೊಂದು ದಾರಿ ಇದೆ, ಅದರಿಂದ ದೂರ ಇರಿ ಅಂತ ನಾನು ಪ್ರತಿ ವರ್ಷ ಹೇಳುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಲಿಂಕ್ ಬರುತ್ತದೆ. ಮನೆಯಲ್ಲೇ ಕೂತು ಇಂಟರ್ನ್‌ಶಿಪ್, ನೋಂದಣಿ ಶುಲ್ಕ ಇಷ್ಟು, ಕೊನೆಗೆ ಹೊಳೆಯುವ ಸರ್ಟಿಫಿಕೇಟ್. ನನ್ನ ಒಬ್ಬ ವಿದ್ಯಾರ್ಥಿ ದುಡ್ಡು ಕಟ್ಟಿದ. ಕೆಲವು ವಿಡಿಯೊ ಕಳಿಸಿದರು, ಒಂದು ಆನ್‌ಲೈನ್ ಪರೀಕ್ಷೆ ಮಾಡಿದರು, ಪಿಡಿಎಫ್ ಕಳಿಸಿ ಕೈ ತೊಳೆದುಕೊಂಡರು. ಮುಂದೆ ಒಂದು ಸಂದರ್ಶನದಲ್ಲಿ "ಅಲ್ಲಿ ಏನು ಕೆಲಸ ಮಾಡಿದಿ?" ಅಂತ ಕೇಳಿದಾಗ ಅವನ ಹತ್ತಿರ ಹೇಳಲು ಏನೂ ಇರಲಿಲ್ಲ. ಕೆಲಸ ಮಾಡಿಸಿಕೊಳ್ಳುವವರು ನಿಮಗೆ ದುಡ್ಡು ಕೊಡಬೇಕು, ಆಗದಿದ್ದರೆ ಕಲಿಸಬೇಕು. ನಿಮ್ಮಿಂದಲೇ ದುಡ್ಡು ಕೇಳುವವರ ಹತ್ತಿರ ಕೆಲಸವೂ ಇರುವುದಿಲ್ಲ, ಕಲಿಕೆಯೂ ಇರುವುದಿಲ್ಲ.

ನಿಯಮಗಳ ಬಗ್ಗೆಯೂ ಗೊಂದಲ ಜಾಸ್ತಿ. ಪದವಿ ವಿದ್ಯಾರ್ಥಿಗಳ ಇಂಟರ್ನ್‌ಶಿಪ್‌ಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2024ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಇಂಟರ್ನ್‌ಶಿಪ್‌ಗೆ 2ರಿಂದ 4 ಕ್ರೆಡಿಟ್, ಅಂದರೆ 60ರಿಂದ 120 ಗಂಟೆ ಕೆಲಸ ಅಂತ ಇದೆ. ನಮ್ಮ ರಾಜ್ಯ ನಾಲ್ಕು ವರ್ಷದ ಪದವಿ ಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ, ಹಾಗಾಗಿ ನಿಮ್ಮ ಬ್ಯಾಚಿಗೆ ಏನು ಅನ್ವಯಿಸುತ್ತದೆ ಅನ್ನುವುದನ್ನು ನಿಮ್ಮ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲೇ ನೋಡಿಕೊಳ್ಳಿ, ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬೇರೆ. ಅದು 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಶುರುವಾದಾಗಿನ ನಿಯಮದಂತೆ ವಯಸ್ಸು 21ರಿಂದ 24, ಅವಧಿ 12 ತಿಂಗಳು, ತಿಂಗಳಿಗೆ 5,000 ರೂಪಾಯಿ. ಆದರೆ ಆಗಿನ ನಿಯಮದಲ್ಲಿ ರೆಗ್ಯುಲರ್ ಆಗಿ ಕಾಲೇಜಿಗೆ ಹೋಗುತ್ತಿದ್ದವರು ಅದಕ್ಕೆ ಅರ್ಜಿ ಹಾಕುವ ಹಾಗಿರಲಿಲ್ಲ. ಇದು ಗೊತ್ತಿಲ್ಲದೆ ಎರಡನೇ ವರ್ಷದ ಮಕ್ಕಳು ಸೈಬರ್ ಸೆಂಟರ್‌ನಲ್ಲಿ ಸರದಿ ನಿಲ್ಲುತ್ತಿದ್ದರು. ಈಗಿನ ನಿಯಮ ಏನಿದೆ ಅಂತ ನೋಡಿಕೊಂಡೇ ಹೋಗಿ. ಪದವಿ ಮುಗಿದವರು ಅದನ್ನು ನೋಡಬಹುದು. ಸರ್ಕಾರಿ ಬ್ಯಾಂಕುಗಳು ಅಪ್ರೆಂಟಿಸ್ ಕರೆಯುತ್ತವೆ, ಅದಕ್ಕೆ ಯಾವ ಪದವಿಯಾದರೂ ನಡೆಯುತ್ತದೆ, ಸ್ಥಳೀಯ ಭಾಷೆ ಬರಬೇಕು. ಕನ್ನಡ ಓದಿಕೊಂಡು ಬಂದವರಿಗೆ ಅದೊಂದು ಅನುಕೂಲ. ಪತ್ರಿಕೋದ್ಯಮ ಓದಿದ ಪರಿಶಿಷ್ಟ ಜಾತಿ, ಪಂಗಡದ ಪದವೀಧರರಿಗೆ ವಾರ್ತಾ ಇಲಾಖೆಯ ಜಿಲ್ಲಾ ಕಚೇರಿಗಳು ಆಗಾಗ ಅಪ್ರೆಂಟಿಸ್ ತರಬೇತಿಗೆ ಅರ್ಜಿ ಕರೆಯುತ್ತವೆ, ಅದರಲ್ಲಿ ಸ್ಟೈಪೆಂಡ್ ಕೂಡ ಇರುತ್ತದೆ. ಈ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕೇ ನಾಲ್ಕು ಸಾಲಿನಲ್ಲಿ ಬಂದು ಹೋಗುತ್ತದೆ. ದಿನಾ ಪೇಪರ್ ಓದಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಇವೆಲ್ಲ ಇರಲಿ. ನಾನು ನಿಜವಾಗಿ ಹೇಳಬೇಕು ಅಂದುಕೊಂಡಿದ್ದು ಬೇರೆ. ಬಿಎ ಓದಿದವರು ಮಾಡಬಲ್ಲ ಕೆಲಸ ನಮ್ಮ ಊರಲ್ಲೇ ಎಷ್ಟೊಂದು ಇದೆ. ಅದಕ್ಕೆ ಇಂಟರ್ನ್‌ಶಿಪ್ ಅಂತ ಯಾರೂ ಹೆಸರಿಟ್ಟಿಲ್ಲ. ಆ ಕೆಲಸ ಇಟ್ಟುಕೊಂಡವರಿಗೂ ತಮಗೆ ಒಬ್ಬ ಬಿಎ ವಿದ್ಯಾರ್ಥಿ ಬೇಕು ಅಂತ ಗೊತ್ತಿಲ್ಲ. ನಾವೇ ಹೋಗಿ ತೋರಿಸಬೇಕು.

ಒಂದು ಉದಾಹರಣೆ ಹೇಳುತ್ತೇನೆ. ನನ್ನ ಒಬ್ಬ ವಿದ್ಯಾರ್ಥಿನಿ, ಕನ್ನಡ ಮತ್ತು ರಾಜ್ಯಶಾಸ್ತ್ರ ಅವಳ ವಿಷಯ, ಒಂದು ಸಣ್ಣ ಪತ್ರಿಕೆಯ ಆಫೀಸಿಗೆ ಹೋಗಿ ಮಧ್ಯಾಹ್ನದ ಹೊತ್ತು ಕೆಲಸ ಮಾಡುತ್ತೇನೆ ಅಂದಳು. ಮೊದಲ ದಿನ ಅವಳ ಕೈಗೆ ಒಂದು ಪ್ರೆಸ್ ನೋಟ್ ಕೊಟ್ಟರು. ಬೇಸಿಗೆ ಸಮಯ. "ಕುಡಿಯುವ ನೀರಿನ ಸಮಸ್ಯೆ ಉದ್ಭವಿಸದಂತೆ ಮುನ್ನೆಚ್ಚರಿಕೆ ಕ್ರಮ ಕೈಗೊಳ್ಳಲು ಅಧಿಕಾರಿಗಳಿಗೆ ಸೂಚಿಸಲಾಯಿತು" ಅಂತ ಶುರುವಾಗಿ ಎರಡು ಪುಟ ಹೋಗುತ್ತದೆ, ಅದರಲ್ಲಿ ಅರ್ಧ ಪುಟ ಸಭೆಗೆ ಬಂದವರ ಹೆಸರು. ಅವಳು ಇದ್ದದ್ದನ್ನೆಲ್ಲ ನೀಟಾಗಿ ಟೈಪ್ ಮಾಡಿ ಕೊಟ್ಟಳು. ಅಲ್ಲಿನ ಹಿರಿಯ ಉಪಸಂಪಾದಕರು ಕನ್ನಡಕ ಏರಿಸಿ ನೋಡಿ, "ತಂಗಿ, ಇದರಾಗ ಸುದ್ದಿ ಎಲ್ಲೈತಿ, ಹುಡುಕಿ ತಾ" ಅಂದರಂತೆ. ಮತ್ತೆ ಮತ್ತೆ ಓದಿದ ಮೇಲೆ ಕೊನೆಯ ಪುಟದ ಕೆಳಗೆ ಸಿಕ್ಕಿತು: ಯಾವ ಹಳ್ಳಿಗಳಿಗೆ ಟ್ಯಾಂಕರ್ ಬರುತ್ತದೆ, ಯಾವತ್ತಿನಿಂದ, ನೀರು ಬರದಿದ್ದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಅದನ್ನು ಮೇಲೆ ತಂದು ಇಟ್ಟಳು. ಸಭೆಗೆ ಬಂದವರ ಹೆಸರು ಕೆಳಗೆ ಹೋಯಿತು.

ಟೈಪಿಂಗ್‌ನಲ್ಲೂ ಅವಳು ಕಲಿತದ್ದು ಕಡಿಮೆ ಏನಲ್ಲ. ಸರ್ಕಾರಿ ಕಚೇರಿಯಿಂದ 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬಂದ ಫೈಲನ್ನು ಯೂನಿಕೋಡ್‌ಗೆ ಬದಲಾಯಿಸಿದಾಗ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಹೆಸರು ತಪ್ಪಾದರೆ ಮರುದಿನ ಬೆಳಗ್ಗೆಯೇ ಫೋನ್ ಬರುತ್ತದೆ. ಸಾಲು ಸಾಲಾಗಿ ಕಣ್ಣಿಟ್ಟು ನೋಡಿ ತಿದ್ದುವ ಆ ಅಭ್ಯಾಸ ನನ್ನ ತರಗತಿಯಲ್ಲಿ ಅವಳಿಗೆ ಬಂದಿರಲಿಲ್ಲ, ಆ ಆಫೀಸಿನಲ್ಲಿ ಬಂತು. ಈಗ ಅವಳು ಬರೆದ ಉತ್ತರ ಪತ್ರಿಕೆ ನೋಡಿದರೆ ಮೊದಲ ಸಾಲಿನಲ್ಲೇ ವಿಷಯ ಇರುತ್ತದೆ.

ಇನ್ನು ಇತಿಹಾಸದವರು. ವಿಜಯಪುರದಲ್ಲಿ ಇತಿಹಾಸ ಓದುವ ಹುಡುಗರಿಗೆ ಕೆಲಸ ಇಲ್ಲ ಅಂದರೆ ಯಾರಾದರೂ ನಂಬುತ್ತಾರಾ? ಗೋಲಗುಮ್ಮಟದ ಮುಂದಿನ ನಕ್ಕಾರ್ ಖಾನಾದಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಎಷ್ಟೋ ಮಕ್ಕಳು ಗೋಲಗುಮ್ಮಟ ಹತ್ತಿ ಕೂಗಿ ಬಂದಿರುತ್ತಾರೆ, ಮ್ಯೂಸಿಯಂ ಒಳಗೆ ಹೋಗಿರುವುದಿಲ್ಲ. ಊರ ತುಂಬಾ ಬಾವಡಿಗಳು, ಅಂದರೆ ಮೆಟ್ಟಿಲು ಬಾವಿಗಳು, ಇವೆ. ಚಾಂದ್ ಬಾವಡಿ, ತಾಜ್ ಬಾವಡಿ ಎಲ್ಲರಿಗೂ ಗೊತ್ತು. ತೊರವಿ ಕಡೆಯಿಂದ ನೆಲದೊಳಗಿನ ಕಾಲುವೆಯಲ್ಲಿ ಊರಿಗೆ ನೀರು ತರುತ್ತಿದ್ದ ಆದಿಲ್‌ಶಾಹಿ ಕಾಲದ ವ್ಯವಸ್ಥೆಯ ಬಗ್ಗೆ ದೂರದೂರದಿಂದ ಜನ ಬಂದು ಅಧ್ಯಯನ ಮಾಡುತ್ತಾರೆ. ಆದರೆ ಓಣಿಯೊಳಗಿನ ಸಣ್ಣ ಬಾವಡಿಗಳನ್ನು ಕೇಳುವವರು ಕಡಿಮೆ. ಅದರ ಹೆಸರೇನು, ಮೆಟ್ಟಿಲು ಎಷ್ಟು ಉಳಿದಿವೆ, ನೀರು ಇದೆಯಾ, ಕಸ ತುಂಬಿದೆಯಾ, ಪಕ್ಕದ ಮನೆಯ ಅಜ್ಜಿ ಅದರ ಬಗ್ಗೆ ಏನು ಹೇಳುತ್ತಾಳೆ, ಇವನ್ನು ಒಂದು ನಮೂನೆ ಮಾಡಿಕೊಂಡು ಫೋಟೊ ಸಮೇತ ಬರೆದಿಡುವುದಕ್ಕೆ ದೊಡ್ಡ ಸಲಕರಣೆ ಬೇಡ. ಒಂದು ಟೇಪು, ಒಂದು ಫೋನು, ಮಾತಾಡಿಸುವ ಗುಣ ಸಾಕು. ಒಬ್ಬ ಪ್ರಾಧ್ಯಾಪಕರ ಸಹಿ ಇರುವ ಪತ್ರ ಹಿಡಿದು ಹೋದರೆ ಓಣಿಯ ಜನ ಬೇಡ ಅನ್ನುವುದಿಲ್ಲ, ಚಹಾ ಕೊಟ್ಟು ಕೂರಿಸುತ್ತಾರೆ.

ಈ ಮಾತು ಬಂದಾಗಲೆಲ್ಲ ನನಗೆ ಫ.ಗು. ಹಳಕಟ್ಟಿಯವರ ನೆನಪಾಗುತ್ತದೆ. ಅವರು ವೃತ್ತಿಯಲ್ಲಿ ವಕೀಲರು. ವಿಜಯಪುರದಲ್ಲಿ ಪ್ರಾಕ್ಟೀಸ್ ಮಾಡಿಕೊಂಡೇ ಊರೂರು ತಿರುಗಿ, ಜಗಲಿಯ ಮೇಲೆ, ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ತಾಳೆಗರಿ ಕಟ್ಟುಗಳನ್ನು ಕೂಡಿಸಿದರು. ವಚನಗಳನ್ನು ಅಚ್ಚು ಹಾಕಲು ತಮ್ಮ ಮನೆಯನ್ನೇ ಮಾರಿ ಹಿತಚಿಂತಕ ಅನ್ನುವ ಮುದ್ರಣಾಲಯ ಹಾಕಿದರು, 1926ರಲ್ಲಿ ಪತ್ರಿಕೆಯನ್ನೂ ಶುರು ಮಾಡಿದರು. ಅವರಿಗೆ ಯಾರೂ ಆಫರ್ ಲೆಟರ್ ಕೊಟ್ಟಿರಲಿಲ್ಲ. ಇವತ್ತು ಅವರ ಹೆಸರಿನ ಸಂಶೋಧನಾ ಕೇಂದ್ರ ಇದೇ ಊರಲ್ಲಿದೆ, ಅವರು ಮಾಡಿದಂಥ ಕೆಲಸ ಇನ್ನೂ ಎಷ್ಟೋ ಬಾಕಿ ಇದೆ. ಹಳೆಯ ಪುಸ್ತಕ ಸ್ಕ್ಯಾನ್ ಮಾಡುವುದು, ಕರಡು ತಿದ್ದುವುದು, ಸೂಚಿ ತಯಾರಿಸುವುದು ಎಲ್ಲವೂ ಬಿಎ ಕನ್ನಡ ಓದಿದವರಿಗೆ ಹೊಂದುವ ಕೆಲಸ. ಎಲ್ಲಿಗೂ ಹೋಗಲು ಆಗದವರು ಕನ್ನಡ ವಿಕಿಸೋರ್ಸ್‌ನಲ್ಲಿ ಪುಟ ತಿದ್ದಬಹುದು. ಅಲ್ಲಿ ನೀವು ತಿದ್ದಿದ ಪ್ರತಿ ಪುಟದ ದಾಖಲೆ ನಿಮ್ಮ ಹೆಸರಲ್ಲಿ ಉಳಿಯುತ್ತದೆ. ಮುಂದೆ ಯಾರಾದರೂ ಕೇಳಿದರೆ ಅದನ್ನೇ ತೆರೆದು ತೋರಿಸಬಹುದು, ಅಲ್ವಾ?

ಹಳೆಯ ಕಾಗದದ ಮಾತು ಬಂತಲ್ಲ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಭಾಗ ಮುಂಬೈ ಪ್ರಾಂತ್ಯದಲ್ಲಿತ್ತು. ಹಾಗಾಗಿ ಹಳೆಯ ಜಮೀನಿನ ಕಾಗದ, ದೇಸಾಯಿ ಮನೆತನಗಳ ಕಡತ ತೆರೆದರೆ ಮೋಡಿ ಬರಹ ಸಿಗುತ್ತದೆ. ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ, ಇರುವವರಿಗೆ ವಯಸ್ಸಾಗಿದೆ. ಮರಾಠಿ ಗೊತ್ತಿರುವ ಬೆಳಗಾವಿ, ಚಡಚಣ, ಅಥಣಿ ಕಡೆಯ ಮಕ್ಕಳು ಒಂದು ರಜೆಯಲ್ಲಿ ಅಂಥ ಹಿರಿಯರ ಪಕ್ಕ ಕೂತು ಮೋಡಿ ಕಲಿತರೆ ಅದಕ್ಕಿಂತ ಒಳ್ಳೆಯ ಇಂಟರ್ನ್‌ಶಿಪ್ ನನಗೆ ಹೊಳೆಯುವುದಿಲ್ಲ. ವಕೀಲರು ಹುಡುಕಿಕೊಂಡು ಬರುತ್ತಾರೆ.

ಬಾಗಲಕೋಟೆ ಕಡೆಯವರಿಗೆ ಬಾದಾಮಿ, ಐಹೊಳೆ, ಪಟ್ಟದಕಲ್ಲು ಇವೆ. ಅದು ಎಲ್ಲರಿಗೂ ಹೊಳೆಯುತ್ತದೆ. ನನಗೆ ಜಾಸ್ತಿ ಆಸೆ ಇರುವುದು ಇಳಕಲ್ಲಿನ, ಗುಳೇದಗುಡ್ಡದ ಮಗ್ಗದ ಮನೆಗಳ ಮೇಲೆ. ಇಳಕಲ್ ಸೀರೆಯ ಒಡಲಿನ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುತ್ತಾರೆ. ಟೋಪ ತೆನಿ ಸೆರಗು, ಗೋಮಿ, ಚಿಕ್ಕಿ ಪರಾಸ ದಡಿ, ಹೀಗೆ ಸೆರಗು, ಅಂಚಿನ ವಿನ್ಯಾಸಗಳ ಹೆಸರೆಲ್ಲ ನೇಕಾರರ ಬಾಯಲ್ಲಿವೆ. ಅದೇ ಸೀರೆ ಆನ್‌ಲೈನ್ ಅಂಗಡಿಯಲ್ಲಿ ಬರೀ ಕೆಂಪು ಸೀರೆ ಅಂತ ಕಾಣಿಸುತ್ತದೆ. ಒಬ್ಬ ವಿದ್ಯಾರ್ಥಿ ಒಂದು ನೇಕಾರರ ಮನೆಯವರ ಜೊತೆ ಕೂತು ಪ್ರತಿ ಸೀರೆಗೂ ನಾಲ್ಕು ಸಾಲು ಸರಿಯಾಗಿ ಬರೆದುಕೊಟ್ಟರೆ, ಯಾರು ನೇಯ್ದರು, ಎಷ್ಟು ದಿನ ಹಿಡಿಯಿತು, ಈ ದಡಿಗೆ ಏನನ್ನುತ್ತಾರೆ ಅಂತ, ಆ ಮನೆಯವರಿಗೂ ಲಾಭ, ವಿದ್ಯಾರ್ಥಿಗೂ ತೋರಿಸಲು ಒಂದು ಕೆಲಸ.

ರಾಜ್ಯಶಾಸ್ತ್ರದವರಿಗೆ ಇನ್ನೊಂದು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುತ್ತದೆ, ಕಾಲೇಜು ಮಕ್ಕಳು ಬಸ್ಸಿನಲ್ಲಿ ಹೋಗಿ ಗ್ಯಾಲರಿಯಲ್ಲಿ ಕೂತು ನೋಡಿ ಬರುತ್ತಾರೆ. ಒಳ್ಳೆಯದೇ. ಆದರೆ ಶಾಸಕರು ಕೇಳಿದ ಪ್ರಶ್ನೆಗಳಿಗೆ ಸರ್ಕಾರ ಕೊಟ್ಟ ಲಿಖಿತ ಉತ್ತರಗಳು ಕನ್ನಡದಲ್ಲೇ ವಿಧಾನಸಭೆಯ ವೆಬ್‌ಸೈಟಿನಲ್ಲಿ ಸಿಗುತ್ತವೆ ಅನ್ನುವುದು ಎಷ್ಟು ಜನರಿಗೆ ಗೊತ್ತು? ನಿಮ್ಮ ತಾಲ್ಲೂಕಿನ ಶಾಲೆ ಕೊಠಡಿ, ರಸ್ತೆ, ಕುಡಿಯುವ ನೀರಿನ ಬಗ್ಗೆ ಬಂದ ಉತ್ತರಗಳನ್ನು ಆರಿಸಿ, ಊರಿಗೆ ಹೋಗಿ ಆ ಕೊಠಡಿ ನಿಜಕ್ಕೂ ಕಟ್ಟಿದ್ದಾರಾ ಅಂತ ನೋಡಿ ಬರೆದರೆ ಯಾವ ಪತ್ರಿಕೆಯಾದರೂ ತೆಗೆದುಕೊಳ್ಳುತ್ತದೆ, ಯಾವ ಸ್ವಯಂಸೇವಾ ಸಂಸ್ಥೆಯಾದರೂ ನಿಮ್ಮನ್ನು ಕರೆದು ಮಾತಾಡಿಸುತ್ತದೆ.

ಭಾಷೆಯ ವಿಷಯದಲ್ಲಿ ನಮ್ಮ ಮಕ್ಕಳು ತಮ್ಮನ್ನು ಎಷ್ಟು ಕಡಿಮೆ ಅಂದುಕೊಳ್ಳುತ್ತಾರೆ! ಇಂಗ್ಲಿಷ್ ಬರಲ್ಲ ಅನ್ನುವುದೊಂದೇ ಅವರಿಗೆ ಕಾಣುತ್ತದೆ. ಕನ್ನಡ, ಮರಾಠಿ, ದಖನಿ, ಹಿಂದಿ ನಾಲ್ಕರಲ್ಲೂ ಜಗಳವಾಡಬಲ್ಲ ಹುಡುಗಿಯರು ನನ್ನ ತರಗತಿಯಲ್ಲಿದ್ದಾರೆ. ತಾಂಡಾದಿಂದ ಬಂದವರು ಮನೆಯಲ್ಲಿ ಲಂಬಾಣಿ ಮಾತಾಡುತ್ತಾರೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಕುಟುಂಬಗಳ ಬಗ್ಗೆ ಸಮೀಕ್ಷೆ ಮಾಡುವವರಿಗೆ ಇವರಿಗಿಂತ ಒಳ್ಳೆಯ ಕೈ ಎಲ್ಲಿ ಸಿಗುತ್ತದೆ? ಭಾರತೀಯ ವಿಜ್ಞಾನ ಸಂಸ್ಥೆಯವರು 'ವಾಣಿ' ಅನ್ನುವ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಧ್ವನಿಮುದ್ರಿಸಿ ಕೂಡಿಸುತ್ತಿದ್ದಾರೆ. ಕಂಪ್ಯೂಟರಿಗೆ ನಮ್ಮ ಮಾತು ಕಲಿಸಬೇಕಾದರೆ ಕೇಳಿ ಬರೆದುಕೊಡುವವರು ಬೇಕು. ನಮ್ಮ ಕಡೆಯ "ಹೋಗೂಣು", "ಬರ್ತೇನ್ರಿ" ಮೈಸೂರಿನವರ ಕಿವಿಗೆ ಸರಿಯಾಗಿ ಬೀಳುವುದಿಲ್ಲ. ಅದಕ್ಕೆ ನಮ್ಮವರೇ ಆಗಬೇಕು.

ಸರಿ, ಕೇಳುವುದು ಹೇಗೆ? ಇಲ್ಲೇ ಜಾಸ್ತಿ ಜನ ಸೋಲುವುದು. "ಸರ್, ಏನಾದರೂ ಇಂಟರ್ನ್‌ಶಿಪ್ ಇದೆಯಾ?" ಅಂತ ಕೇಳಿದರೆ ಎದುರಿನವರು ಇಲ್ಲ ಅನ್ನಲೇಬೇಕು, ಯಾಕೆಂದರೆ ಅವರು ಆ ಬಗ್ಗೆ ಯೋಚನೆಯನ್ನೇ ಮಾಡಿಲ್ಲ. ಅವರ ಬದಲು ನೀವು ಯೋಚಿಸಿಕೊಂಡು ಹೋಗಿ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಹುಟ್ಟಿತು, ನಮ್ಮ ಸುತ್ತಲೂ ಹಳೆಯ ಸೊಸೈಟಿಗಳಿಗೆ ಬರವಿಲ್ಲ. ಅಂಥ ಒಂದು ಸೊಸೈಟಿಗೆ ಬರೆಯುತ್ತೀರಿ ಅಂದುಕೊಳ್ಳಿ. ನಾನು ಮಕ್ಕಳಿಗೆ ಬರೆಸುವ ಪತ್ರ ಹೀಗಿರುತ್ತದೆ:

"ನಾನು ಬಿಎ ಐದನೇ ಸೆಮಿಸ್ಟರ್ ವಿದ್ಯಾರ್ಥಿನಿ. ಇತಿಹಾಸ ಮತ್ತು ಕನ್ನಡ ನನ್ನ ವಿಷಯಗಳು. ನಿಮ್ಮ ಸಂಘಕ್ಕೆ ಬರುವ ವರ್ಷ 75 ತುಂಬುತ್ತದೆ ಎಂದು ತಿಳಿಯಿತು. ಹಳೆಯ ವಾರ್ಷಿಕ ವರದಿಗಳನ್ನು ಓದಿ, ಹಿರಿಯ ಸದಸ್ಯರನ್ನು ಮಾತಾಡಿಸಿ, ಸಂಘದ ಇತಿಹಾಸವನ್ನು 20 ಪುಟದಲ್ಲಿ ಬರೆದುಕೊಡಬಲ್ಲೆ. ಎಂಟು ವಾರ, ವಾರಕ್ಕೆ ಐದು ದಿನ, ಮಧ್ಯಾಹ್ನ 2ರಿಂದ 5ರವರೆಗೆ ಬರುತ್ತೇನೆ. ನಾನು ಬರೆದ ಒಂದು ಲೇಖನ ಇದರ ಜೊತೆಗಿದೆ."

ಇಷ್ಟೇ. ಮೂರು ಗಂಟೆಯಂತೆ ಲೆಕ್ಕ ಹಾಕಿದರೆ 120 ಗಂಟೆ ಆಗುತ್ತದೆ, ಯುಜಿಸಿ ಹೇಳುವ 4 ಕ್ರೆಡಿಟ್‌ಗೆ ಸರಿಹೋಗುತ್ತದೆ. ಓದಿದವರಿಗೆ ಏನು ಕೆಲಸ, ಎಷ್ಟು ದಿನ, ಕೊನೆಗೆ ಕೈಗೆ ಏನು ಬರುತ್ತದೆ ಅಂತ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಈಮೇಲ್ ಕಳಿಸಿ ಸುಮ್ನೆ ಕೂರಬೇಡಿ. ನಮ್ಮ ಕಡೆ ಕಾಗದ ಹಿಡಿದು ಖುದ್ದಾಗಿ ಹೋದವರಿಗೇ ಬೆಲೆ. ಬೆಳಗ್ಗೆ ಹನ್ನೊಂದರ ಸುಮಾರಿಗೆ ಹೋಗಿ, ನಮಸ್ಕಾರ ಹೇಳಿ, ಪತ್ರ ಕೊಟ್ಟು, ಒಂದು ವಾರ ಬಿಟ್ಟು ಮತ್ತೆ ಹೋಗಿ. ಎರಡನೇ ಸಲ ಬಂದವರನ್ನು ಜನ ನೆನಪಿಟ್ಟುಕೊಳ್ಳುತ್ತಾರೆ.

ಹುಡುಗಿಯರ ಮನೆಯ ವಿಷಯ ಬೇರೆಯೇ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ಹೋಗಿದೆ, ಅದರ ಬೆಲೆ ನನಗೆ ಪ್ರತಿದಿನ ತರಗತಿಯಲ್ಲೇ ಕಾಣುತ್ತದೆ. ಆದರೆ "ಕಾಲೇಜು ಬಿಟ್ಟ ಮ್ಯಾಲೆ ಎಲ್ಲಿಗೆ ಹೊಂಟಿ?" ಅನ್ನುವ ಪ್ರಶ್ನೆ ಹೋಗಿಲ್ಲ. ನಾನು ಆಫೀಸಿನವರಿಗೆ ಹೇಳುವುದು, ಇಬ್ಬರನ್ನು ಒಟ್ಟಿಗೆ ತಗೊಳ್ಳಿ, ಸಂಜೆ ಐದರೊಳಗೆ ಬಿಡಿ. ಮನೆಯವರಿಗೆ ಕಾಲೇಜಿನ ಪತ್ರ ಕಳಿಸುತ್ತೇನೆ, ಬೇಕಾದರೆ ನಾನೇ ಫೋನ್ ಮಾಡುತ್ತೇನೆ. ಒಬ್ಬಳ ಕಾಕಾ ಖುದ್ದು ಆಫೀಸಿಗೆ ಬಂದು, ಅವಳು ಕೂರುವ ಜಾಗ ನೋಡಿ, ಆಮೇಲೆ ಹೂಂ ಅಂದರು. ಬಂದು ನೋಡಲಿ ಬಿಡಿ, ಅದರಲ್ಲಿ ತಪ್ಪೇನಿಲ್ಲ. ಉಪನ್ಯಾಸಕರಾದವರು ಇಷ್ಟು ಹೊಣೆ ಹೊರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೊಡುವವರಿಗೂ ಒಂದು ಮಾತು ಹೇಳಬೇಕಿದೆ. ನನ್ನ ಇನ್ನೊಬ್ಬ ವಿದ್ಯಾರ್ಥಿನಿಯನ್ನು ಒಂದು ಕಚೇರಿಯಲ್ಲಿ ತಿಂಗಳುಗಟ್ಟಲೆ ಬರೀ ಝೆರಾಕ್ಸ್ ಮಾಡಿಸಲು, ಚಹಾ ತರಲು ಓಡಾಡಿಸಿದರು. ಹೀಗೆ ಮಾಡಬೇಡಿ. ಬಂದ ಮಕ್ಕಳಿಗೆ ಒಂದು ಸ್ವಂತ ಕೆಲಸ ಕೊಡಿ, ವಾರಕ್ಕೊಮ್ಮೆ ಕೂತು ಅವರು ಬರೆದದ್ದನ್ನು ಓದಿ ತಿದ್ದಿ. ಸಂಬಳ ಕೊಡಲು ಆಗದಿದ್ದರೆ ಮಧ್ಯಾಹ್ನದ ಊಟದ ದುಡ್ಡಾದರೂ ಕೊಡಿ, ಹುಡುಗರಿಗೆ ಬಸ್ ಚಾರ್ಜ್ ಕೊಡಿ, ಅವರಿಗೆ ಶಕ್ತಿ ಯೋಜನೆ ಇಲ್ಲ. ಬೆಳಗ್ಗೆ ಆರಕ್ಕೆ ಮನೆ ಬಿಟ್ಟವರು ಒಂದು ಕಪ್ ಚಹಾದಲ್ಲಿ ಸಂಜೆಯವರೆಗೆ ಕೂರುವುದನ್ನು ನಾನು ನೋಡಿದ್ದೇನೆ. ಪ್ರಮಾಣಪತ್ರದಲ್ಲಿ "ಕೆಲಸ ತೃಪ್ತಿಕರವಾಗಿತ್ತು" ಅಂತ ಒಂದೇ ಸಾಲು ಬರೆದು ಮುಗಿಸಬೇಡಿ. ಏನು ಕೆಲಸ ಮಾಡಿದರು, ಎಷ್ಟು ಗಂಟೆ ಮಾಡಿದರು ಅಂತ ಬರೆದು, ಸಹಿಯ ಕೆಳಗೆ ನಿಮ್ಮ ಫೋನ್ ನಂಬರ್ ಹಾಕಿ. ಮುಂದೆ ಕೆಲಸ ಕೊಡುವವರು ಆ ನಂಬರಿಗೆ ಫೋನ್ ಮಾಡಿದಾಗ ಎರಡು ಒಳ್ಳೆಯ ಮಾತು ಹೇಳಿ.

ವಿಜಯಪುರ, ಬಾಗಲಕೋಟೆ, ಬೆಳಗಾವಿಯಲ್ಲಿ ಪತ್ರಿಕೆ, ಪ್ರಕಾಶನ, ಸೊಸೈಟಿ, ಸಂಸ್ಥೆ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಹತ್ತಿರದ ಪದವಿ ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ಗೆ ಈ ವಾರವೇ ಒಂದು ಫೋನ್ ಮಾಡಿ. ಅವರು ಬಿಕಾಂ, ಬಿಸಿಎ ಮಕ್ಕಳ ಪಟ್ಟಿ ಓದಲು ಶುರು ಮಾಡುತ್ತಾರೆ. ಸ್ವಲ್ಪ ತಡೆದು, ಬಿಎದವರು ಬೇಕು ಅಂತ ಬಾಯಿಬಿಟ್ಟು ಕೇಳಿ.